ಉದ್ದ ಕೂದಲಿನ ಆಟಗಾರರು

ಅಮೆರಿಕದವರು ಫುಟ್‌ಬಾಲ್ ಎಂದು ಕರೆಯುವ ಆಟದಲ್ಲಿ ಮೊದಮೊದಲು ಯಾರ ತಲೆಯ ಮೇಲೂ ಏನೂ ಇರುತ್ತಿರಲಿಲ್ಲವಂತೆ. ಪೆಟ್ಟು ತಡೆಯಲಿ ಎಂದು ಕಾಲೇಜಿನ ಆಟಗಾರರು ಬೇಸಿಗೆಯಿಂದಲೇ ಕೂದಲು ಬೆಳೆಸುತ್ತಿದ್ದರಂತೆ. ಆಟದ ದಿನಗಳು ಬರುವ ಹೊತ್ತಿಗೆ ಒಬ್ಬೊಬ್ಬರ ತಲೆಯೂ ಪೊದೆ. ಮೂಗಿಗೆ ಮಾತ್ರ ಒಂದು ರಬ್ಬರಿನ ಗುರಾಣಿ. ಈ ಕಥೆಯನ್ನು ನಾನು ಆಲ್ಮೆರೆಯಿಂದ ಹೂಫ್‌ಡಾರ್ಪಿಗೆ ಹೋಗುವ ಕಾರಿನಲ್ಲಿ, ಒಬ್ಬರೇ ಮನುಷ್ಯರ ಬಾಯಿಂದ, ಕಡಿಮೆಯೆಂದರೂ ನೂರು ಸಲ ಕೇಳಿದ್ದೇನೆ. ನೂರು ಸಲವೂ ಆಗಷ್ಟೇ ಕೇಳುತ್ತಿರುವವನ ಹಾಗೆ ಹ್ಞೂಂ ಅಂದಿದ್ದೇನೆ. ಈಗ ಬರೆಯಲು ಕೂತಿರುವುದು ಆ ಹ್ಞೂಂ ಬಗ್ಗೆ.

ತೊಂಬತ್ತೆಂಟರ ಫೆಬ್ರವರಿಯಲ್ಲಿ ನಾನು ಹೆಂಡತಿಯೊಂದಿಗೆ ಮೈಸೂರಿನಿಂದ ನೆದರ್‌ಲೆಂಡ್ಸಿಗೆ ಬಂದಾಗ ಕಂಪ್ಯೂಟರ್ ಲೋಕಕ್ಕೆಲ್ಲ ಒಂದೇ ಭಯ ಹಿಡಿದಿತ್ತು. ಹಳೆಯ ಪ್ರೋಗ್ರಾಮುಗಳು ಇಸವಿಯ ಕೊನೆಯ ಎರಡು ಅಂಕಿಗಳನ್ನು ಮಾತ್ರ ನೆನಪಿಟ್ಟುಕೊಳ್ಳುತ್ತಿದ್ದವು. ಎರಡು ಸಾವಿರನೇ ಇಸವಿ ಬಂದರೆ ಅವು ಸಾವಿರದ ಒಂಬೈನೂರು ಎಂದುಕೊಂಡು ಎಲ್ಲವನ್ನೂ ಕೆಡಿಸುತ್ತವೆ ಎಂಬ ಭಯ. ಹೂಫ್‌ಡಾರ್ಪಿನಲ್ಲಿ, ವಿಮಾನ ನಿಲ್ದಾಣದ ಪಕ್ಕ, ಸರಕು ಸಾಗಿಸುವ ಕಂಪನಿಯೊಂದು ಅದಕ್ಕಾಗಿ ನಮ್ಮಂಥವರನ್ನು ಕರೆಸಿಕೊಂಡಿತ್ತು. ಹಳೆಯ ಪ್ರೋಗ್ರಾಮನ್ನು ಸಾಲು ಸಾಲಾಗಿ ಓದಿ ಎರಡಂಕಿ ಇದ್ದಲ್ಲೆಲ್ಲ ನಾಲ್ಕಂಕಿ ಮಾಡುವುದು. ಊರಿಗೆ ಬರೆದ ಕಾಗದಗಳಲ್ಲಿ ಇದನ್ನು ಏನೋ ಘನಕಾರ್ಯದ ಹಾಗೆ ಬಣ್ಣಿಸಿದ್ದೆ. ನಿಜ ಹೇಳಬೇಕೆಂದರೆ ಅಕ್ಕಿಯಲ್ಲಿ ಕಲ್ಲು ಆರಿಸುವ ಕೆಲಸ.

ಆ ಯೋಜನೆಯ ಮುಖ್ಯಸ್ಥರು ಅಮೆರಿಕದವರು. ಅರವತ್ತಕ್ಕೆ ಹತ್ತಿರದ ವಯಸ್ಸು, ಬಾಗಿಲು ತುಂಬುವ ಭುಜ, ಬೋಳು ತಲೆ. ಡಚ್ ಹೆಂಗಸನ್ನು ಮದುವೆಯಾಗಿ ಇಪ್ಪತ್ತೈದು ವರ್ಷಗಳಿಂದ ಇಲ್ಲೇ ಇದ್ದರು. ಆ ಪ್ರೋಗ್ರಾಮುಗಳಲ್ಲಿ ಕೆಲವನ್ನು ಹಿಂದೊಮ್ಮೆ ಅವರೇ ಬರೆದಿದ್ದರು. ಆಫೀಸಿನಲ್ಲಿ ಎಲ್ಲರೂ ಎಲ್ಲರನ್ನೂ ಹೆಸರು ಹಿಡಿದು ಕರೆಯುತ್ತಿದ್ದರು. ನನ್ನ ತಂದೆಯ ವಯಸ್ಸಿನವರನ್ನು ಹಾಗೆ ಕರೆಯಲು ನನಗೆ ನಾಲಿಗೆ ಹೊರಳಲಿಲ್ಲ. ಸರ್ ಅಂದರೆ ಅವರು ಹಿಂದೆ ತಿರುಗಿ ಯಾರಾದರೂ ನಿಂತಿದ್ದಾರೋ ಎಂದು ನೋಡುವ ನಾಟಕ ಆಡುತ್ತಿದ್ದರು. ಕೊನೆಗೆ ಕೋಚ್ ಎಂದು ಇತ್ಯರ್ಥವಾಯಿತು. ಕೆಲವು ವರ್ಷ ಇಲ್ಲಿಯ ಹವ್ಯಾಸಿ ಹುಡುಗರಿಗೆ ಅವರು ಆ ಆಟ ಹೇಳಿಕೊಟ್ಟಿದ್ದರು, ಆ ಪದ ಅವರ ಕಿವಿಗೆ ಹಿತವಾಗಿತ್ತು.

ಅವರ ಮನೆ ಆಲ್ಮೆರೆಯಲ್ಲಿ ನಮ್ಮ ಮನೆಯಿಂದ ಎರಡು ಬೀದಿ ಆಚೆ. ಆಲ್ಮೆರೆ ನನಗಿಂತ ಚಿಕ್ಕ ವಯಸ್ಸಿನ ಊರು. ನಾನು ಹುಟ್ಟಿದಾಗ ಅಲ್ಲಿ ಒಂದೂ ಮನೆ ಇರಲಿಲ್ಲ. ಸಮುದ್ರದ ನೀರು ಹೊರಹಾಕಿ ಮಾಡಿದ ಮಟ್ಟಸ ನೆಲ, ಒಂದೇ ಅಚ್ಚಿನ ಮನೆಗಳು, ಗಾಳಿಗೆ ಒಂದೇ ಕಡೆ ವಾಲಿದ ಎಳೆಯ ಮರಗಳು. ಇಲ್ಲಿ ಯಾರಿಗೂ ಹಳೆಯದೇನೂ ಇಲ್ಲವಲ್ಲ ಎಂದು ನನ್ನ ಹೆಂಡತಿ ಮೊದಲ ವಾರವೇ ಅತ್ತಿದ್ದಳು. ದಿನಾ ಬೆಳಿಗ್ಗೆ ಏಳಕ್ಕೆ ಕೋಚ್ ತಮ್ಮ ಕಾರು ನಿಲ್ಲಿಸಿ ನನ್ನನ್ನು ಹತ್ತಿಸಿಕೊಳ್ಳುತ್ತಿದ್ದರು.

ಆ ವಸಂತದಲ್ಲಿ ಒಂದು ಮಧ್ಯಾಹ್ನ ಅವರು ನನ್ನನ್ನು ಆಮ್‌ಸ್ಟರ್‌ಡ್ಯಾಮಿನ ಹೊಸ ಕ್ರೀಡಾಂಗಣಕ್ಕೆ ಕರೆದುಕೊಂಡು ಹೋದರು. ಅಮೆರಿಕದ ಫುಟ್‌ಬಾಲನ್ನು ಯೂರೋಪಿನವರಿಗೆ ರುಚಿ ಹತ್ತಿಸಲು ಆಗ ಅಲ್ಲಿ ಆಟ ಆಡಿಸುತ್ತಿದ್ದರು. ನನಗೆ ರುಚಿ ಹತ್ತಲಿಲ್ಲ. ನಾಲ್ಕು ಸೆಕೆಂಡು ಓಟ, ಒಬ್ಬರ ಮೇಲೊಬ್ಬರು ರಾಶಿ ಬೀಳುವುದು, ಸೀಟಿ, ಆಮೇಲೆ ಅರ್ಧ ನಿಮಿಷ ಗುಂಪಾಗಿ ನಿಂತು ಪಿಸಿಪಿಸಿ. ಐದು ದಿನದ ಕ್ರಿಕೆಟ್ ನೋಡಿ ಬೆಳೆದ ನನಗೇ ತಾಳ್ಮೆ ಸೋರಿತು. ವಾಪಸು ಬರುವಾಗ, ಯಾಕೆ ಹೀಗೆ ನಿಂತು ನಿಂತು ಆಡುತ್ತಾರೆ ಎಂದು ಕೇಳಿದೆ. ಅವರು ಖುಷಿಯಿಂದ ಸ್ಟೀರಿಂಗ್ ತಟ್ಟಿದರು. ಅದಕ್ಕೆ ಉತ್ತರ ಬೇಕಾದರೆ ಶುರುವಿನಿಂದ ಬರಬೇಕು, ಒಂದು ದಾರಿಯಲ್ಲಿ ಮುಗಿಯುವುದಿಲ್ಲ ಅಂದರು. ಹಾಗೆ ಶುರುವಾಯಿತು.

ಅವರ ಕಥೆ ರಸ್ತೆಯ ಜೊತೆ ಸಾಗುತ್ತಿತ್ತು. ಆಲ್ಮೆರೆಯ ಸೇತುವೆ ದಾಟುವಾಗ ಮೊದಲ ಆಟಗಳು: ಒಂದೊಂದು ಕಡೆಗೂ ಇಪ್ಪತ್ತೈದು ಜನ, ಚೆಂಡನ್ನು ಒದೆಯಬಹುದು, ಕೈಯಿಂದ ಬಡಿಯಬಹುದು, ಎತ್ತಿಕೊಂಡು ಓಡುವ ಹಾಗಿಲ್ಲ. ಒಂದು ಕಾಲೇಜು ಮಾತ್ರ ನಾವು ಎತ್ತಿಕೊಂಡೇ ಓಡುತ್ತೇವೆ ಎಂದು ಹಟ ಹಿಡಿದು ಕೆನಡಾದವರ ಜೊತೆ ಆಡಿತು, ಆಮೇಲೆ ಎಲ್ಲರೂ ಅದನ್ನೇ ಹಿಡಿದರು. ಆಮ್‌ಸ್ಟರ್‌ಡ್ಯಾಮ್ ಹತ್ತಿರ ವಾಹನಗಳ ಸಾಲು ಶುರುವಾಗುತ್ತಿತ್ತು. ಡಚ್ಚರು ಅದಕ್ಕೆ ಫೀಲೆ ಎನ್ನುತ್ತಾರೆ. ಫೀಲೆಯಲ್ಲಿ ತೆವಳುವಾಗ ಗೆರೆಯ ಕಥೆ. ಮೊದಲು ಎರಡೂ ಕಡೆಯವರು ಕೊಂಬು ತಾಗಿಸಿ ತಳ್ಳಾಡಿ ಚೆಂಡು ಕಿತ್ತುಕೊಳ್ಳಬೇಕಿತ್ತು. ಒಬ್ಬ ವಿದ್ಯಾರ್ಥಿ ಬಂದು, ಚೆಂಡು ಒಂದು ಕಡೆಯವರದ್ದು ಎಂದು ಮೊದಲೇ ತೀರ್ಮಾನಿಸಿ, ನಡುವೆ ಒಂದು ಗೆರೆ ಎಳೆಯೋಣ ಅಂದ. ಹನ್ನೊಂದು ಜನ ಸಾಕು ಅಂದ. ಎಲ್ಲರೂ ಒಪ್ಪಿದರು. ಆದರೆ ಚೆಂಡು ಸಿಕ್ಕ ಕಡೆಯವರು ಅದನ್ನು ಬಿಡಲೇ ಇಲ್ಲ. ಅರ್ಧ ಆಟ ಇವರು ತಬ್ಬಿಕೊಂಡು ಕೂತರು, ಉಳಿದರ್ಧ ಅವರು. ನೋಡಲು ಬಂದವರು ಬೈದುಕೊಂಡು ಹೋದರು. ಆಗ ಇನ್ನೊಂದು ನಿಯಮ ಬಂತು: ಮೂರು ಸಲದಲ್ಲಿ ಐದು ಗಜ ಮುಂದೆ ಹೋಗದಿದ್ದರೆ ಚೆಂಡು ಬಿಟ್ಟುಕೊಡಬೇಕು. ಐದು ಗಜ ಅಳೆಯಲು ಮೈದಾನದ ತುಂಬ ಸುಣ್ಣದ ಗೆರೆಗಳು. ನಿಂತು ನಿಂತು ಆಡುವುದು ಅದಕ್ಕೇ ಅಂದರು. ಪ್ರತಿ ನಿಯಮವೂ ಹಿಂದಿನ ನಿಯಮದ ತೂತಿಗೆ ಹಾಕಿದ ತೇಪೆ. ನಮ್ಮ ಪ್ರೋಗ್ರಾಮುಗಳ ಹಾಗೇ ಎಂದು ನಾನಂದೆ, ಅವರು ನಕ್ಕರು.

ಉದ್ದ ಕೂದಲಿನ ಕಥೆ ಬರುತ್ತಿದ್ದದ್ದು ಕೊನೆಯಲ್ಲಿ, ವಿಮಾನ ನಿಲ್ದಾಣ ಸಮೀಪಿಸುವಾಗ. ಚದುರಂಗದ ಹುಚ್ಚಿನವನೊಬ್ಬ ಯುದ್ಧದ ಪುಸ್ತಕ ಓದಿ ಹೊಸ ವ್ಯೂಹ ಮಾಡಿಕೊಟ್ಟ. ಆಟಗಾರರು ದೂರದಿಂದ ಓಡಿಬಂದು, ಬೆಣೆಯ ಆಕಾರದಲ್ಲಿ ಒತ್ತಾಗಿ ಕೂಡಿ, ಚೆಂಡು ಹಿಡಿದವನನ್ನು ಒಳಗಿಟ್ಟುಕೊಂಡು ಎದುರಿನ ಒಬ್ಬನ ಮೇಲೆ ನುಗ್ಗುವುದು. ಅದನ್ನು ಬೇಗನೆ ನಿಷೇಧಿಸಿದರೂ ಗುಂಪಾಗಿ ನುಗ್ಗುವ ಚಾಳಿ ನಿಲ್ಲಲಿಲ್ಲ. ಹುಡುಗರು ಮೈದಾನದಲ್ಲಿ ಸತ್ತರು. ಈ ಆಟವನ್ನೇ ನಿಲ್ಲಿಸಿ ಎಂಬ ಕೂಗೆದ್ದಿತು. ದೇಶದ ಅಧ್ಯಕ್ಷರೇ ಕಾಲೇಜಿನವರನ್ನು ಕರೆಸಿ ಬುದ್ಧಿ ಹೇಳಿದರು. ಆಮೇಲೆ ಚೆಂಡನ್ನು ಮುಂದಕ್ಕೆ ಎಸೆಯಲು ಅನುಮತಿ ಸಿಕ್ಕಿತು. ಎಲ್ಲರೂ ಒಂದೇ ಕಡೆ ರಾಶಿ ಬೀಳುವುದು ತಪ್ಪಿತು, ಆಟ ಉಳಿಯಿತು. ಅಲ್ಲಿಗೆ ನಮ್ಮ ಕಾರು ರನ್‌ವೇ ಕೆಳಗಿನ ಸುರಂಗ ಹೊಕ್ಕು ಆಚೆ ಬರುತ್ತಿತ್ತು. ತಮ್ಮ ಬೋಳು ತಲೆ ಸವರಿಕೊಂಡು, 'ನನ್ನ ಕೂದಲೂ ಆ ಉದ್ದ ಕೂದಲಿನ ಹುಡುಗರ ಜೊತೆಗೇ ಹೋಯಿತು' ಎಂದು ಮುಗಿಸುತ್ತಿದ್ದರು.

ಈ ಕಥೆಯನ್ನು ಎರಡನೆಯ ಸಲ ಹೇಳಿದ್ದು ಆಗಸ್ಟ್‌ನಲ್ಲಿ. ಅದೇ ಮಾತು, ಅದೇ ಬೋಳು ತಲೆ, ಅದೇ ನಗು. ಮರೆತಿದ್ದಾರೆ ಅಂದುಕೊಂಡೆ. ಸೆಪ್ಟೆಂಬರಿನಲ್ಲಿ ಸೋಮವಾರ ಹೇಳಿದ್ದನ್ನು ಗುರುವಾರ ಹೇಳಿದರು. ಚಳಿಗಾಲದ ಹೊತ್ತಿಗೆ ಬೆಳಿಗ್ಗೆ ಹೋಗುವಾಗ ಹೇಳಿದ್ದನ್ನು ಸಂಜೆ ಬರುವಾಗ ಹೇಳುತ್ತಿದ್ದರು.

'ಇದನ್ನ ಆಗಲೇ ಹೇಳಿದ್ರಿ' ಎನ್ನಲು ಏನು ಕಷ್ಟ? ಓದುವವರು ಕೇಳಬಹುದು. ನನಗೆ ಕಷ್ಟವಿತ್ತು. ನಮ್ಮ ಮನೆಯಲ್ಲಿ ದೊಡ್ಡಪ್ಪನವರು ಊಟವಾದ ಮೇಲೆ ಹಾಸಿಗೆಗೊರಗಿ ಹಳೆಯ ಕಥೆ ತೆಗೆಯುತ್ತಿದ್ದರು. ಅವರು ಹೇಳುವುದು, ನಾವು ಮಕ್ಕಳು ಹ್ಞೂಂಗುಟ್ಟುವುದು. ಹ್ಞೂಂ ನಿಂತರೆ ಕಥೆಯೂ ನಿಂತಿತು, ನಿಂತರೆ ಅವರಿಗೆ ಅವಮಾನ. ಆರೇಳು ವರ್ಷದವನಿದ್ದಾಗ ಒಮ್ಮೆ, ಇದು ಮೊನ್ನೆ ಹೇಳಿದ ಕಥೆ ಅಂದುಬಿಟ್ಟೆ. ಪಕ್ಕದಲ್ಲಿ ಕೂತಿದ್ದ ಅಮ್ಮ, ನಗುಮುಖ ಬದಲಿಸದೆ, ನನ್ನ ತೊಡೆ ಚಿವುಟಿದಳು. ಎರಡು ದಿನ ನೀಲಿಗಟ್ಟಿತ್ತು. ಹಿರಿಯರು ಹೇಳಿದ್ದು ಎಷ್ಟನೆಯ ಸಲವಾದರೂ ಅದು ಮೊದಲನೆಯ ಸಲವೇ. ಇದನ್ನು ನಾನು ಕಲಿತದ್ದು ತಲೆಯಿಂದಲ್ಲ, ತೊಡೆಯಿಂದ. ಕೋಚ್ ಕಾರಿನಲ್ಲಿ ಕೂತು ಬಾಯಿ ತೆರೆಯಬೇಕೆಂದಾಗಲೆಲ್ಲ ಅದೇ ಜಾಗ ಚುರುಕ್ ಎನ್ನುತ್ತಿತ್ತು.

ನಮ್ಮ ತಂಡದಲ್ಲಿ ಒಬ್ಬ ಡಚ್ ಸಹೋದ್ಯೋಗಿ ಇದ್ದ. ಉದ್ದಕ್ಕೆ ಬೆಳೆದವನು, ಮಾತಿಗೆ ಉಪ್ಪು ಖಾರ ಹಚ್ಚದೆ ನೇರ ಹೇಳುವವನು. ನವೆಂಬರಿನ ಒಂದು ಸಭೆಯಲ್ಲಿ ಕೋಚ್ ಮುಂದಿನ ವಾರದ ಕೆಲಸ ವಿವರಿಸಿ, ಸ್ವಲ್ಪ ಹೊತ್ತಿನ ಮೇಲೆ ಮತ್ತೆ ಅದನ್ನೇ ವಿವರಿಸತೊಡಗಿದರು. ಇವನು ಪೆನ್ನು ಕೆಳಗಿಟ್ಟು, 'ಇದನ್ನ ನೀನು ಹತ್ತು ನಿಮಿಷದ ಹಿಂದೆ ಹೇಳಿದೆ' ಅಂದ. ಕೋಚ್ ಮುಖ ಕುತ್ತಿಗೆಯವರೆಗೆ ಕೆಂಪಾಯಿತು. ಕಾಗದಗಳನ್ನು ಸುಮ್ಮನೆ ಹಿಂದೆ ಮುಂದೆ ಸರಿಸಿದರು. ನನಗೆ ಅವನ ಮೇಲೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಎಂಥ ಜನ, ದೊಡ್ಡವರು ಚಿಕ್ಕವರು ಎನ್ನುವುದಿಲ್ಲ ಎಂದು ಮನೆಗೆ ಬಂದು ಹೆಂಡತಿಯ ಮುಂದೆ ಕೂಗಾಡಿದೆ. ಅವನು ಸಭೆ ಮುಗಿದ ಮೇಲೆ ಕೋಚ್ ಹತ್ತಿರ ಹೋಗಿ, ಚೆನ್ನಾಗಿ ನಿದ್ದೆ ಮಾಡುತ್ತಿದ್ದೀಯಾ, ಡಾಕ್ಟರನ್ನ ನೋಡಿದ್ದೀಯಾ ಎಂದು ಕೇಳಿದ್ದನ್ನೂ ನಾನು ಕೇಳಿಸಿಕೊಂಡಿದ್ದೆ. ಆ ಭಾಗವನ್ನು ಹೆಂಡತಿಗೆ ಹೇಳಲಿಲ್ಲ.

ಅಲ್ಲಿಂದ ನಾನು ಸಭೆಗಳಲ್ಲಿ ಕೋಚ್ ಪಕ್ಕದಲ್ಲೇ ಕೂರತೊಡಗಿದೆ. ಆಗಿಹೋದ ವಿಷಯಗಳಿಗೆ ಗೆರೆ ಎಳೆದ ಪಟ್ಟಿಯನ್ನು ಅವರ ಮುಂದೆ ಸರಿಸುತ್ತಿದ್ದೆ. ಒಂದೇ ಕೆಲಸವನ್ನು ಇಬ್ಬರಿಗೆ ಕೊಟ್ಟಿದ್ದರೆ ಇಬ್ಬರ ಹತ್ತಿರವೂ ಹೋಗಿ ಗುಟ್ಟಾಗಿ ಸರಿಮಾಡುತ್ತಿದ್ದೆ. ಅವರು ಪರೀಕ್ಷಿಸಬೇಕಾದ ಪ್ರೋಗ್ರಾಮುಗಳನ್ನು ನಾನೇ ಪರೀಕ್ಷಿಸಿ ಅವರ ಮೇಜಿನ ಮೇಲಿಡುತ್ತಿದ್ದೆ. ಗುರುಸೇವೆ ಎಂದು ಒಳಗೊಳಗೇ ಹಿಗ್ಗೂ ಇತ್ತು. ಪೂರ್ತಿ ಸತ್ಯ ಹೇಳಬೇಕಾದರೆ ಇನ್ನೊಂದೂ ಇತ್ತು. ಕೋಚ್ ಹೋದರೆ ಆ ಡಚ್ಚನೇ ಮುಖ್ಯಸ್ಥ, ಅವನಿಗೆ ಹೊರಗಿನವರು ಇಷ್ಟು ಜನ ಬೇಡವಾಗಿತ್ತು. ಆ ದೇಶದಲ್ಲಿರಲು ನನಗಿದ್ದ ಪರವಾನಗಿ ಆ ಕೆಲಸಕ್ಕೆ ಅಂಟಿಕೊಂಡಿತ್ತು. ಗೌರವ ಎಷ್ಟು, ಸ್ವಾರ್ಥ ಎಷ್ಟು ಎಂದು ಇವತ್ತಿಗೂ ನನಗೆ ಬಿಡಿಸಲು ಬಂದಿಲ್ಲ.

ತೊಂಬತ್ತೊಂಬತ್ತರ ಜನವರಿಯ ಒಂದು ಶನಿವಾರ ಕೋಚ್ ನನ್ನನ್ನು ಕಾಫಿಗೆ ಕರೆದರು. ಅವರ ತಂದೆ ಆಡುತ್ತಿದ್ದಾಗ ಹಾಕಿಕೊಳ್ಳುತ್ತಿದ್ದ ಚರ್ಮದ ಟೋಪಿ ತೋರಿಸಿದರು. ಕಿವಿ ಮುಚ್ಚುವ, ಗಲ್ಲಕ್ಕೆ ಪಟ್ಟಿ ಕಟ್ಟುವ ಟೋಪಿ. ನಮ್ಮೂರಲ್ಲಿ ಮುದುಕರು ಚಳಿಗೆ ಹಾಕುವ ಮಂಕಿ ಕ್ಯಾಪಿನ ಹಾಗಿತ್ತು. ಕೂದಲಿನ ನಂತರ ಇದು, ಇದರ ನಂತರ ಗಟ್ಟಿ ಪ್ಲಾಸ್ಟಿಕ್ಕಿನ ಹೆಲ್ಮೆಟ್ ಅಂದರು. ಅವರು ಆಡಿದ್ದು ಹೆಲ್ಮೆಟ್ಟಿನ ಕಾಲದಲ್ಲಿ. ಬರಿ ತಲೆಯಿದ್ದಾಗ ತಲೆ ಉಳಿಸಿಕೊಂಡು ಆಡುತ್ತಿದ್ದರು. ಹೆಲ್ಮೆಟ್ ಬಂದ ಮೇಲೆ ತಲೆಯಿಂದಲೇ ಗುದ್ದಲು ಹೇಳಿಕೊಟ್ಟರು. ದಿನಕ್ಕೆ ಇಪ್ಪತ್ತು ಮೂವತ್ತು ಗುದ್ದು. ಕಣ್ಣು ಕತ್ತಲಿಟ್ಟರೆ ಹೊರಗೆ ಕೂರಿಸಿ, ತಂಡದ ಸಹಾಯಕ ಬೆರಳೆತ್ತಿ ಎಷ್ಟು ಎಂದು ಕೇಳುತ್ತಿದ್ದ. ಅವನು ಯಾವಾಗಲೂ ಎತ್ತುತ್ತಿದ್ದದ್ದು ಎರಡು. ಅದು ಎಲ್ಲ ಹುಡುಗರಿಗೂ ಗೊತ್ತು. ಕಾಣದಿದ್ದರೂ ಎರಡು ಎನ್ನುತ್ತಿದ್ದರು, ಅವನು ಬೆನ್ನು ತಟ್ಟಿ ಒಳಗೆ ಕಳಿಸುತ್ತಿದ್ದ. ಕೋಚ್ ಇದನ್ನು ದೊಡ್ಡ ತಮಾಷೆಯೆಂದು ಹೇಳಿದರು. ಜೊತೆಗೆ ಆಡುತ್ತಿದ್ದ ಅಣ್ಣ ಅಮೆರಿಕದ ಊರಿನಲ್ಲಿ ಈಗಲೂ ಇದ್ದಾರೆ, ಆ ಮೈದಾನವೂ ಇದೆ, ಎರಡು ಸಾವಿರನೇ ಇಸವಿ ದಾಟಿದ ಮೇಲೆ ಹೆಂಡತಿಯನ್ನು ಕರೆದುಕೊಂಡು ಹೋಗಿ ಅವರನ್ನೂ ಅದನ್ನೂ ತೋರಿಸಬೇಕು ಅಂದರು. ಇನ್ನೇನೋ ತರಲು ತೋಟದ ಶೆಡ್ಡಿಗೆ ಹೋದರು.

ಅವರ ಹೆಂಡತಿ ಅಡುಗೆಮನೆಯ ಬಾಗಿಲಲ್ಲಿ ನಿಂತು ಅವರು ಶೆಡ್ಡು ಹೊಕ್ಕಿದ್ದನ್ನು ನೋಡಿಕೊಂಡು ನನ್ನ ಎದುರು ಬಂದು ಕೂತರು. ಗ್ರಂಥಾಲಯದಲ್ಲಿ ಕೆಲಸ ಮಾಡುವ, ಕಡಿಮೆ ಮಾತಿನ ಹೆಂಗಸು. ತಟ್ಟೆಯಲ್ಲಿ ಡಚ್ಚರ ಪದ್ಧತಿಯಂತೆ ತಲೆಗೊಂದು ಬಿಸ್ಕತ್ತು ಇಟ್ಟು ಡಬ್ಬ ಮುಚ್ಚಿದ್ದರು.

"ನಾನು ಒಂದು ಕೇಳ್ತೀನಿ, ನೀನು ನಿಜ ಹೇಳಬೇಕು" ಅಂದರು. "ಕಾರಲ್ಲಿ, ಆಫೀಸಲ್ಲಿ, ಹೇಳಿದ್ದನ್ನೇ ಹೇಳ್ತಾರಾ?"

ಮನೆಯಲ್ಲಿ ಹಾಗಾಗುತ್ತಿದೆ ಎಂದು ವಿವರಿಸಿದರು. ಮನೆ ಡಾಕ್ಟರ ಹತ್ತಿರ ಹೋಗಿ ಕೇಳಿದ್ದಾರೆ. ದಣಿದವರು ಮನೆಯಲ್ಲಿ ಹಾಗೆ ಮಾಡುವುದುಂಟು. ಕೆಲಸದಲ್ಲೂ ಹಾಗೇ ಇದೆಯೇ ಎಂದು ಹತ್ತಿರದವರನ್ನು ಕೇಳಿ ತಿಳಿದುಕೊಳ್ಳಿ, ಇದ್ದರೆ ಆಸ್ಪತ್ರೆಗೆ ಬರೆದುಕೊಡುತ್ತೇನೆ ಎಂದು ಡಾಕ್ಟರು ಹೇಳಿದ್ದಾರೆ. ಕೋಚನ್ನು ಕೇಳಿದರೆ ರೇಗುತ್ತಾರೆ. "ಕಾಯಿಲೆ ಅಂತಾದ್ರೆ ನಾನು ಎರಡು ಸಾವಿರದವರೆಗೆ ಕಾಯಲ್ಲ. ಈ ವಸಂತದಲ್ಲೇ ಅಣ್ಣನ ಹತ್ತಿರ ಕರಕೊಂಡು ಹೋಗ್ತೀನಿ. ಗುರುತು ಹಿಡಿಯೋವಾಗಲೇ ಹೋಗಬೇಕು."

ಕಿಟಕಿಯಾಚೆ ಕೋಚ್ ಶೆಡ್ಡಿನಿಂದ ಬರಿಗೈಯಲ್ಲಿ ಹೊರಬಂದು ತೋಟದ ನಡುವೆ ನಿಂತಿದ್ದರು. ಯಾಕೆ ಹೋದೆ ಎಂದು ಯೋಚಿಸುತ್ತಿದ್ದಾರೆ ಎಂಬುದು ನೋಡಿದರೇ ಗೊತ್ತಾಗುತ್ತಿತ್ತು. ಆ ಹೆಂಗಸು ಕಿಟಕಿಗೆ ಬೆನ್ನು ಹಾಕಿ ನನ್ನನ್ನೇ ನೋಡುತ್ತಿದ್ದರು. ನನ್ನ ತೊಡೆ ಚುರುಕ್ ಅಂದಿತು.

"ಇಲ್ಲ, ಆಫೀಸಲ್ಲಿ ನಮಗೆಲ್ಲರಿಗಿಂತ ಅವರೇ ಚುರುಕು" ಅಂದೆ.

ಅವರು ಉಸಿರುಬಿಟ್ಟದ್ದು ನನಗೆ ಕೇಳಿಸಿತು. ಎದ್ದು ನನ್ನ ಬಟ್ಟಲು ತುಂಬಿಸಿದರು. ಆಮೇಲೆ ಬಿಸ್ಕತ್ತಿನ ಡಬ್ಬ ತೆರೆದು ನನಗೆ ಇನ್ನೊಂದು ಕೊಟ್ಟರು. ಆ ದೇಶದಲ್ಲಿ ಎರಡನೆಯ ಬಿಸ್ಕತ್ತು ನನಗೆ ಸಿಕ್ಕಿದ್ದು ಅದೊಂದೇ ಸಲ. ತಿಂದೆ.

ಮನೆಗೆ ಬಂದು ಹೆಂಡತಿಗೆ ಹೇಳಿದೆ. ದೊಡ್ಡವರ ಮಾನ ಕಾಪಾಡಿದೆ ಎಂದು ಮೆಚ್ಚುತ್ತಾಳೆ ಅಂದುಕೊಂಡಿದ್ದೆ. ಅವಳು ಒಗೆದ ಬಟ್ಟೆ ಮಡಿಸುತ್ತಿದ್ದವಳು ನಿಲ್ಲಿಸಿದಳು.

"ಅವ್ರು ಕೇಳಿದ್ದು ಗಂಡನ ಮಾನ ಅಲ್ಲ ಕಣ್ರೀ, ಗಂಡನ್ನ" ಅಂದಳು. "ನಾಳೆನೇ ಹೋಗಿ ನಿಜ ಹೇಳಿಬನ್ನಿ."

ಹೋಗುತ್ತೇನೆ ಅಂದೆ. ಭಾನುವಾರ ಮಳೆ. ಸೋಮವಾರ ಕಾರಿನಲ್ಲಿ ಕೋಚ್ ಬಹಳ ಲವಲವಿಕೆಯಿಂದಿದ್ದರು, ಒಂದೂ ತಪ್ಪಲಿಲ್ಲ. ನೋಡು, ಸರಿಯಾಗಿಯೇ ಇದ್ದಾರೆ ಎಂದು ನನಗೆ ನಾನೇ ಹೇಳಿಕೊಂಡೆ. ಹಾಗೆ ಫೆಬ್ರವರಿ ಹೋಯಿತು, ಮಾರ್ಚ್ ಹೋಯಿತು. ಅವಳು ಮೂರು ಸಲ ನೆನಪಿಸಿ ಆಮೇಲೆ ಬಿಟ್ಟಳು. ವಸಂತ ಬಂದು ಕಾಲುವೆಗಳ ದಂಡೆಯಲ್ಲಿ ಹಳದಿ ಹೂವು ಬಿಟ್ಟವು. ಈಗ ನೆನೆದರೆ ಆ ಹಳದಿಯೇ ಕಣ್ಣಿಗೆ ಚುಚ್ಚುತ್ತದೆ. ಅವರು ಊರಿಗೆ ಹೋಗಬೇಕಾಗಿದ್ದ ವಸಂತ ಅದು.

ಬೇಸಿಗೆಯಲ್ಲಿ ಕೋಚ್ ತಿರುವುಗಳನ್ನು ಮರೆಯತೊಡಗಿದರು. ನಾನು ಮೊದಲೇ ಬಲಕ್ಕೆ ನೋಡುತ್ತಿದ್ದೆ, ಅವರೂ ಬಲಕ್ಕೆ ತಿರುಗಿಸುತ್ತಿದ್ದರು. ಇಬ್ಬರೂ ಏನೂ ಆಗಿಲ್ಲವೆಂಬಂತೆ ಇರುತ್ತಿದ್ದೆವು. ಕಥೆ ಈಗ ಒಂದೇ ದಾರಿಯಲ್ಲಿ ಎರಡು ಸಲ ಬರುತ್ತಿತ್ತು. ಸೇತುವೆಯಿಂದ ಸುರಂಗದವರೆಗೆ ಇದ್ದದ್ದು ಚಿಕ್ಕದಾಗುತ್ತ ಬಂದು ಕೊನೆಗೆ ಕೂದಲು, ಅಧ್ಯಕ್ಷರು, ಮುಂದಕ್ಕೆ ಎಸೆದ ಚೆಂಡು ಇಷ್ಟೇ ಉಳಿದಿತ್ತು. ನಾನು ಹ್ಞೂಂ ಅನ್ನುತ್ತಲೇ ಇದ್ದೆ.

ಸೆಪ್ಟೆಂಬರಿನ ಒಂದು ಬೆಳಿಗ್ಗೆ, ಸುರಂಗಕ್ಕೆ ಸ್ವಲ್ಪ ಮುಂಚೆ, ಅಧ್ಯಕ್ಷರ ಹತ್ತಿರ ಬಂದ ಕಥೆ ನಿಂತಿತು. ಕಾರು ನಿಧಾನವಾಯಿತು. ರಸ್ತೆಯ ನಡುವಿನ ಸಾಲಿನಲ್ಲೇ ನಿಂತಿತು. ಸುರಂಗದ ಮೇಲೆ ವಿಮಾನವೊಂದು ರಸ್ತೆ ದಾಟುವ ಎತ್ತಿನ ಹಾಗೆ ನಿಧಾನವಾಗಿ ಹೋಗುತ್ತಿತ್ತು, ಅವರು ಅದನ್ನೇ ನೋಡುತ್ತಿದ್ದರು.

"ನಾವು ಎಲ್ಲಿಗೆ ಹೊರಟಿದ್ದೀವಿ ಅಂತ ಸ್ವಲ್ಪ ಹೇಳ್ತೀಯಾ?" ಎಂದು ಕೇಳಿದರು. ದಾರಿಯಲ್ಲಿ ಅಪರಿಚಿತನನ್ನು ಕೇಳುವಷ್ಟು ವಿನಯದಿಂದ.

ಆಗಲೂ, ಹಿಂದೆ ಹಾರನ್ನುಗಳು ಅರಚುತ್ತಿರುವಾಗಲೂ, ಏನೂ ವಿಶೇಷವಿಲ್ಲವೆಂಬ ದನಿಯಲ್ಲಿ "ಆಫೀಸಿಗೆ, ಕೋಚ್" ಅಂದೆ. ಅಷ್ಟರಲ್ಲಿ ಹಿಂದಿನಿಂದ ವ್ಯಾನೊಂದು ಬಂದು ಗುದ್ದಿತು.

ವ್ಯಾನಿನವನ ಮಣಿಕಟ್ಟು ಮುರಿಯಿತು, ನನ್ನ ಹೆಗಲ ಮೂಳೆ ಮುರಿಯಿತು. ಕೋಚ್‌ಗೆ ಹಣೆಯ ಮೇಲೆ ಒಂದು ಬೋರೆ. ಪೆಟ್ಟು ತಿನ್ನಲು ಮತ್ತೆ ಅದೇ ತಲೆ ಬೇಕಿತ್ತೇ ಎಂದು ಆಸ್ಪತ್ರೆಯ ಬೆಂಚಿನಲ್ಲಿ ಕೂತು ಅತ್ತೆ. ಹಣೆ ನೋಡಲು ಬಂದ ವೈದ್ಯರು ಅವರ ಜೊತೆ ಐದು ನಿಮಿಷ ಮಾತಾಡಿದ್ದೇ ಬೇರೆ ಪರೀಕ್ಷೆಗಳಿಗೆ ಕಳಿಸಿದರು. ಎರಡು ವಾರದ ನಂತರ ಮರೆವಿನ ಕಾಯಿಲೆ ಎಂದು ತಿಳಿಸಿದರು. ಹಳೆಯ ಗುದ್ದುಗಳಿಂದ ಬಂದದ್ದೇ ಎಂದು ಕೇಳಿದ್ದಕ್ಕೆ, ಇರಬಹುದು, ಖಚಿತವಾಗಿ ಹೇಳಲಾರೆ ಅಂದರಂತೆ. ಎಷ್ಟು ದಿನದಿಂದ ಹೀಗಿದೆ ಎಂದು ವೈದ್ಯರು ಕೇಳಿದಾಗ ಕೋಚ್ ಹೆಂಡತಿ, ಮೊದಲಿನದು ಬರೀ ದಣಿವು, ಇದು ಈಚೆಗೆ ಎಂದು ಹೇಳಿದ್ದರು. ನನ್ನ ಮಾತು ನಂಬಿ.

ಆಗ ನಾನು ಹೋಗಿ ನಿಜ ಹೇಳಿದೆ. ಅದೇ ಅಡುಗೆಮನೆ, ನನ್ನ ಕೈ ಕೊರಳಿಗೆ ಕಟ್ಟಿದ ಪಟ್ಟಿಯಲ್ಲಿತ್ತು. ವರ್ಷದ ಮೇಲಾಯಿತು, ಜನವರಿಯಲ್ಲಿ ನೀವು ಕೇಳಿದಾಗಲೂ ಇತ್ತು, ನಾನು ಮುಚ್ಚಿಟ್ಟೆ ಅಂದೆ. ನಮ್ಮಲ್ಲಿ ಹಿರಿಯರಿಗೆ ಹಾಗೆ ಹೇಳುವುದಿಲ್ಲ ಎಂದೂ ಸೇರಿಸಿದೆ; ಸೇರಿಸುವಾಗಲೇ ನನಗೆ ನಾಚಿಕೆಯಾಯಿತು. ಅವರು ಬಯ್ಯಲಿಲ್ಲ. ಬಹಳ ಹೊತ್ತು ಮೇಜಿನ ಮೇಲಿನ ಬಟ್ಟೆಯ ಸುಕ್ಕನ್ನು ಬೆರಳಿಂದ ತೀಡುತ್ತಿದ್ದರು.

"ಮೊದಲೇ ಗೊತ್ತಾಗಿದ್ರೆ ಗುಣ ಆಗ್ತಿರಲಿಲ್ಲ. ಅದು ನನಗೆ ಗೊತ್ತು" ಅಂದರು. "ಆದರೆ ನನಗೆ ಆ ವಸಂತ ಸಿಗ್ತಿತ್ತು."

ಅಕ್ಟೋಬರಿನಲ್ಲಿ ಅವರು ಕೋಚನ್ನು ಊರಿಗೆ ಕರೆದುಕೊಂಡು ಹೋದರು. ಅಣ್ಣ ವಿಮಾನ ನಿಲ್ದಾಣಕ್ಕೆ ಬಂದಿದ್ದರಂತೆ. ಕೋಚ್ ಅವರ ಕೈಕುಲುಕಿ, ಕಾರು ಓಡಿಸಲು ಬಂದವರೆಂದು ತಿಳಿದು, ಮನೆ ದೂರವೇ ಎಂದು ಕೇಳಿದರಂತೆ. ಮೈದಾನಕ್ಕೂ ಹೋದರು. ಸುಣ್ಣದ ಗೆರೆಗಳನ್ನು ನೋಡಿ ಇಷ್ಟೊಂದು ಗೆರೆ ಯಾಕೆ ಅಂದರಂತೆ. ಅಣ್ಣ ಎರಡು ಬೆರಳು ಎತ್ತಿ ತೋರಿಸಿದರಂತೆ, ಹಳೆಯ ತಮಾಷೆ ನೆನಪಾಗಲಿ ಎಂದು. ಕೋಚ್ ಆ ಬೆರಳುಗಳನ್ನು ನೋಡಿ ಸೌಜನ್ಯಕ್ಕೆ ನಕ್ಕರಂತೆ. ಇದನ್ನೆಲ್ಲ ಅವರ ಹೆಂಡತಿ ನನಗೆ ಒಂದೂ ಬಿಡದೆ ಹೇಳಿದರು. ಹೇಳಬೇಕಾದದ್ದೇ, ಕೇಳಬೇಕಾದವನೇ ನಾನು.

ನವೆಂಬರಿನಲ್ಲಿ ಕೋಚನ್ನು ಆಲ್ಮೆರೆಯ ಆರೈಕೆ ಮನೆಯೊಂದಕ್ಕೆ ಸೇರಿಸಿದರು. ಆಫೀಸಿನಲ್ಲಿ ಡಚ್ಚನೇ ಮುಖ್ಯಸ್ಥನಾದ. ನನ್ನನ್ನು ಕಳಿಸಲಿಲ್ಲ. ನೀನು ಒಬ್ಬರ ಕೆಲಸವನ್ನಲ್ಲ, ಇಬ್ಬರ ಕೆಲಸ ಮಾಡುತ್ತಿದ್ದೆ ಎಂದು ನನಗೆ ಗೊತ್ತಿತ್ತು, ಯಾಕೆ ಯಾರಿಗೂ ಹೇಳಲಿಲ್ಲ ಎಂದಷ್ಟೇ ಕೇಳಿದ.

ಭಾನುವಾರ ಮಧ್ಯಾಹ್ನ ಸೈಕಲ್ ತುಳಿದುಕೊಂಡು ಆರೈಕೆ ಮನೆಗೆ ಹೋಗುತ್ತಿದ್ದೆ. ಅವರ ಹೆಂಡತಿ ಕಿಟಕಿಯ ಹತ್ತಿರ ಹೊಲಿಗೆ ಹಿಡಿದು ಕೂತಿರುತ್ತಿದ್ದರು. ಕೋಚ್ ಮಾತಾಡುವುದನ್ನು ಹೆಚ್ಚುಕಡಿಮೆ ನಿಲ್ಲಿಸಿದ್ದರು. ಕಥೆಯೂ ಹೋಗಿತ್ತು. ಸುಮ್ಮನೆ ಕೂರಲಾರದೆ ನಾನೇ ಹೇಳತೊಡಗಿದೆ: ಇಪ್ಪತ್ತೈದು ಜನರ ಆಟ, ಹಟ ಹಿಡಿದ ಕಾಲೇಜು, ಗೆರೆ ಎಳೆದ ವಿದ್ಯಾರ್ಥಿ, ಬೆಣೆಯ ವ್ಯೂಹ. ಅವರು ಹೇಳುತ್ತಿದ್ದ ಮಾತುಗಳಲ್ಲೇ, ಅವರು ನಿಲ್ಲಿಸುತ್ತಿದ್ದಲ್ಲಿ ನಿಲ್ಲಿಸಿ. ಅವರು ಕಣ್ಣು ಮುಚ್ಚಿ ಕೇಳುತ್ತಿದ್ದರೋ ಇಲ್ಲವೋ ಗೊತ್ತಾಗುತ್ತಿರಲಿಲ್ಲ. ಪ್ರತಿ ಭಾನುವಾರ ಅದೇ ಕಥೆ. ನನಗೆ ಅಷ್ಟೇ ಗೊತ್ತಿದ್ದದ್ದು.

ಹೊಸ ಇಸವಿಗೆ ಮುಂಚಿನ ಕೊನೆಯ ಭಾನುವಾರ. ಹೊರಗೆ ಮಂಜು ಕವಿದು ಎದುರಿನ ಮರಗಳೂ ಕಾಣುತ್ತಿರಲಿಲ್ಲ. ನಾನು ಉದ್ದ ಕೂದಲಿನ ಹುಡುಗರ ಹತ್ತಿರ ಬಂದಿದ್ದೆ. ಬೇಸಿಗೆಯಿಂದಲೇ ಕೂದಲು ಬೆಳೆಸುತ್ತಿದ್ದರು, ಅಂದೆ. ಕೋಚ್ ಕಣ್ಣು ತೆರೆದು ನನ್ನತ್ತ ತಿರುಗಿದರು. ಸಿಟ್ಟಿರಲಿಲ್ಲ, ಬೇಸರವಿರಲಿಲ್ಲ. ಕೆಲಸದ ದಿನಗಳಲ್ಲಿ ನನ್ನ ಪ್ರೋಗ್ರಾಮಿನಲ್ಲಿ ತಪ್ಪು ಕಂಡಾಗ ತೋರಿಸುತ್ತಿದ್ದ ಅದೇ ಮುಖ.

"ಇದನ್ನ ನೀನು ಆಗಲೇ ಹೇಳಿದ್ದೀಯ" ಅಂದರು.

ಅವರ ಹೆಂಡತಿಯ ಸೂಜಿ ನಿಂತಿತು. ಅವರು ತಲೆಯೆತ್ತಿ ನನ್ನನ್ನು ನೋಡಿದರು. ಒಂದೂವರೆ ವರ್ಷ ನನ್ನ ಬಾಯಲ್ಲಿ ಸಿಕ್ಕಿಕೊಂಡಿದ್ದ ಮಾತನ್ನು ಕೋಚ್ ಅರೆಕ್ಷಣದಲ್ಲಿ ಹೇಳಿ ಮುಗಿಸಿದ್ದರು. ನನಗೆ ಅವಮಾನವೇನೂ ಆಗಲಿಲ್ಲ, ನೋವೂ ಆಗಲಿಲ್ಲ. ಆ ಮಾತು ಅಷ್ಟು ಸಣ್ಣದು ಎಂಬುದು ನನಗೆ ಆಗ ಗೊತ್ತಾಯಿತು.

ಹ್ಞೂಂ, ಅಂದೆ.